ಒಂದು ಓಟಿನ ಮಂತ್ರಿ

ಲಂಡನ್ನಿನಲ್ಲಿ ರಾಣಿಯ ಆಳ್ವಿಕೆಯ ಕಾಲ. ಪ್ರಧಾನಿ ಸಂಪುಟ ಕಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಕಟ್ಟುವಾಗ ಪಟ್ಟ ಪಾಡು ಅವರಿಗೇ ಗೊತ್ತು. ಮಂತ್ರಿಯಾದ ಪ್ರತಿಯೊಬ್ಬನೂ ಸಂಸತ್ತಿನ ಸದಸ್ಯತ್ವ ಕಳೆದುಕೊಂಡು, ಊರಿಗೆ ಹೋಗಿ, ಚುನಾವಣೆಯಲ್ಲಿ ಮತ್ತೆ ಗೆದ್ದು ಬರಬೇಕಿತ್ತು. ಆ ದೇಶದ ಕಾನೂನೇ ಹಾಗೆ. ಅದೆಲ್ಲ ಮುಗಿದು ಉಸಿರು ಬಿಡುವಷ್ಟರಲ್ಲಿ ಅವಿಶ್ವಾಸ ಗೊತ್ತುವಳಿ ಬಂದು ಕೂತಿತ್ತು. ಇವತ್ತು ಸಂಜೆಯೇ ಮತದಾನ.

ಬೆಳಗಿನಿಂದ ಪ್ರಧಾನಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸರ್ಕಾರ ಉಳಿಯುವುದೂ ಉರುಳುವುದೂ ಒಂದೇ ಓಟಿನ ಮೇಲೆ ನಿಂತಿತ್ತು. ಅದೂ ಸಂಪುಟದಲ್ಲಿ ಜಾಗ ಸಿಗದೆ ಮುನಿಸಿಕೊಂಡಿದ್ದ ಸ್ವಂತ ಪಕ್ಷದ ಮುದುಕನೊಬ್ಬನ ಓಟು. ಅವನನ್ನು ಕರೆಸಿದರು.

“ಏನು ಬೇಕು, ಬಾಯಿಬಿಟ್ಟು ಹೇಳಿ.”

“ನೌಕಾಪಡೆ ಖಾತೆ. ಅದೂ ಮತದಾನಕ್ಕೆ ಮುಂಚೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನೋರು ನೀವು.”

“ಅದು ನನ್ನ ಭಾವಮೈದುನನ ಖಾತೆ!”

“ಹಾಗಾದ್ರೆ ಅವರ ಓಟಿನಲ್ಲೇ ಗೆದ್ಕೊಳ್ಳಿ.”

ಪ್ರಧಾನಿ ಹಲ್ಲು ಕಚ್ಚಿಕೊಂಡು ಭಾವಮೈದುನನಿಂದ ರಾಜೀನಾಮೆ ಬರೆಸಿಕೊಂಡರು. ಮಧ್ಯಾಹ್ನವೇ ಮುದುಕನನ್ನು ಅರಮನೆಗೆ ಕರೆದೊಯ್ದು, ರಾಣಿಯ ಮುಂದೆ ಪ್ರಮಾಣವಚನವನ್ನೂ ಮಾಡಿಸಿದರು.

ಸಂಜೆ ಮತದಾನದ ಗಂಟೆ ಬಾರಿಸಿತು. ಸದಸ್ಯರೆಲ್ಲ ಒಳಗೆ ನುಗ್ಗುತ್ತಿದ್ದರೆ ಹೊಸ ಮಂತ್ರಿ ಮಾತ್ರ ಬಾಗಿಲ ಹೊರಗೇ ನಿಂತಿದ್ದ. ಪ್ರಧಾನಿ ಓಡಿಬಂದು ತೋಳು ಹಿಡಿದೆಳೆದರು.

“ಇಲ್ಲೇನು ಮಾಡ್ತಿದ್ದೀರಿ? ಬನ್ನಿ ಒಳಗೆ, ಬಾಗಿಲು ಹಾಕಿಬಿಡ್ತಾರೆ!”

ಮುದುಕ ಮೆಲ್ಲಗೆ ತೋಳು ಬಿಡಿಸಿಕೊಂಡ.

“ಊರಿಗೆ ಹೋಗಿ, ಮತ್ತೆ ಗೆದ್ದು ಬರ್ತೀನಿ, ಸ್ವಾಮಿ.”