ಸಾಯಿಬಣ್ಣ ಹೊರಗೆ ಬಂದದ್ದು

ಸ್ಲೇಟುಕಲ್ಲು ಒಮ್ಮೆ ಕೇಳಿದ ದನಿಯನ್ನು ಮರೆಯುವುದಿಲ್ಲ. ಅದಕ್ಕೇ ನಮ್ಮ ಹಳೆಯ ಗಣಿಗೆ ಜನ ಟಿಕೆಟ್ ಕೊಂಡು ಬರುತ್ತಾರೆ. ಹಿಂದೆ ಕೆಲಸಗಾರರು ಒಳಗೆ ಹೋಗುವಾಗ ಎಡಗೋಡೆಯನ್ನೂ ಹೊರಬರುವಾಗ ಬಲಗೋಡೆಯನ್ನೂ ತಟ್ಟಿ ಹೆಸರು ಹೇಳುತ್ತಿದ್ದರು. ಈಗ ನಾವು ತಟ್ಟಿದರೆ ಗೋಡೆಗಳು ಆ ಹೆಸರುಗಳನ್ನು ಒಂದೊಂದಾಗಿ ಹೇಳುತ್ತವೆ. ಅಲ್ಲಿ ಪ್ರವಾಸಿಗರು ಮಾತಾಡದಂತೆ ನೋಡಿಕೊಳ್ಳುವುದು ಗೈಡ್ ಆದ ನನ್ನ ಹೊಣೆ. ಹೊಸ ದನಿ ಬಿದ್ದರೆ ಅದೂ ಉಳಿದುಬಿಡುತ್ತದೆ. ಈ ವಿಷಯದಲ್ಲಿ ನನಗೆ ಸದಾ ಅಳುಕು.

ನಿನ್ನೆ ಗುರುಬಸವ್ವ ಎಂಬ ಮುದುಕಿ ಬಂದು ಎಡಗೋಡೆ ತಟ್ಟಿದರು.

"ನಾ ಸಾಯಿಬಣ್ಣ, ಒಳಗ ಹೊಂಟೀನಿ" ಎಂದಿತು ಗೋಡೆ.

ಮುದುಕಿ ನನ್ನನ್ನು ದೂರ ಎಳೆದು ಪಿಸುಗುಟ್ಟಿದರು. "ನಮ್ಮಪ್ಪ! ದನಿ ನೋಡು ತಂಗಿ, ನನ್ನ ಮೊಮ್ಮಗನಕಿಂತ ಸಣ್ಣಾವ ಇದ್ದಾನ."

ಅದು ಸಾಯಿಬಣ್ಣನ ಕೆಲಸದ ಮೊದಲ ದಿನ. ಗಣಿ ಕುಸಿದದ್ದೂ ಅಂದೇ. ಬಲಗೋಡೆಯಲ್ಲಿ ಅವನ ಹೆಸರಿಲ್ಲ. ಮುದುಕಿ ಆ ಗೋಡೆಯ ಎಲ್ಲ ಹೆಸರುಗಳನ್ನೂ ಕೊನೆಯವರೆಗೆ ಕೇಳಿ, ನನ್ನ ಮುಖ ನೋಡಿದರು. ಮಾತಾಡಬಾರದೆಂಬ ಫಲಕ ಅವರ ತಲೆಯ ಮೇಲೇ ಇತ್ತು. ನಾನು ಆಗಲಿ ಎಂಬಂತೆ ತಲೆಯಾಡಿಸಿದೆ.

ಅವರು ಗೋಡೆ ತಟ್ಟಿದರು. "ಸಾಯಿಬಣ್ಣ ಹೊರಗ ಬಂದಾನ. ಮಗಳು ಕರ್ಕೊಂಡು ಹೊಂಟಾಳ."

ಇಂದು ಬೆಳಿಗ್ಗೆ ಗಣಿಯಿಂದ ಹೊರಬಂದ ಮೇಲೆ ಪ್ರವಾಸಿಯೊಬ್ಬರು ಕೇಳಿದರು: "ಕೊನೆಯದು ಹೆಂಗಸಿನ ದನಿ ಅಲ್ವಾ?"

"ಹೌದ್ರೀ, ಸಾಯಿಬಣ್ಣ ಅವರ ಮಗಳದು" ಎಂದೆ. "ಅವರು ಹೊರಗ ಬರೋದು ತಡ ಆತು."