ಕರೆದರೆ ಓಗೊಡಬಾರದು

ಎದುರು ಕೋಣೆಯಲ್ಲಿ ಆ ಹೆಂಗಸು ಹುಡುಗರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಿದ್ದಳು. ಒಬ್ಬನೂ ಓಗೊಡಲಿಲ್ಲ.

ಪೆಂಡಲ್ ಮೇಷ್ಟ್ರು ಚೆಲ್ಲೋ ವಾದ್ಯದ ತಂತಿಯಿಂದ ಕಮಾನು ಎತ್ತಿ ಕಿಟಕಿಯಾಚೆ ನೋಡಿದರು. ನಡುವೆ ಕಿರಿದಾದ ಕಲ್ಲಂಗಳ, ಆಚೆ ಅರ್ಧ ತೆರೆದ ಕಿಟಕಿ. ಬೂದು ಉಣ್ಣೆಯಂಗಿ, ಬಿಳಿಚಿಕೊಂಡ ಮುಖ. ಒಂದು ಹೆಸರು ಕರೆಯುವಳು, ಕಾಯುವಳು, ಮುಂದಿನದನ್ನು ಕರೆಯುವಳು. ಹುಡುಗರು ತಮ್ಮ ಪಾಡಿಗೆ ಹರಟುತ್ತಿದ್ದರು. ಒಬ್ಬನಂತೂ ಅವಳ ಬೆನ್ನ ಹಿಂದಿನ ಗಡಿಯಾರವನ್ನು, ನಡುವೆ ಯಾರೂ ಇಲ್ಲವೆಂಬಂತೆ, ನೆಟ್ಟಗೆ ನೋಡಿದ.

"ಅಲ್ಲಿ ನಿಂತಿರೋದು ಯಾರೋ?"

ಪಾಠಕ್ಕೆ ಕೂತಿದ್ದ ಹದಿಮೂರರ ಬಾರ್ನಬಿ ಕತ್ತು ಚಾಚಿದ. "ಎಲ್ಲಿ ಸರ್? ನಂಗ್ಯಾರೂ ಕಾಣ್ತಿಲ್ವಲ್ಲ."

"ಬೂದು ಬಟ್ಟೆ ಹಾಕಿದಾಳಲ್ಲೋ..."

ಹುಡುಗ ಕಿಟಕಿಯತ್ತ ಒಮ್ಮೆ, ಮೇಷ್ಟ್ರ ಮುಖದತ್ತ ಒಮ್ಮೆ ನೋಡಿದ. ಆಮೇಲೆ ಅವನ ಕಣ್ಣು ಅರಳಿತು. "ಅಯ್ಯೋ ಸರ್! ಬೂದು ದಾದಿ ಇರ್ಬೇಕು. ನಿಮ್ಗೆ ಯಾರೂ ಹೇಳಿಲ್ವಾ?"

ಯಾರ್ಕ್‌ಷೈರಿನ ಹಳೇ ಗಂಡುಮಕ್ಕಳ ಶಾಲೆ ಎಂದಮೇಲೆ ಒಂದು ಗಂಟೆಗೋಪುರ, ಒಂದು ದೆವ್ವ ಇರಲೇಬೇಕು. ಇಲ್ಲಿನದು ದಾದಿ. ಮೊದಲ ಮಹಾಯುದ್ಧ ಮುಗಿದ ವರ್ಷ ವಿಷಮಜ್ವರ ಬಂದು ಹುಡುಗರು ಸತ್ತರಂತೆ, ಅವರ ಹಿಂದೆಯೇ ಅವಳೂ. ತಾನು ಸತ್ತದ್ದು ಅವಳಿಗೆ ಗೊತ್ತಿಲ್ಲ. ಇಂದಿಗೂ ಮುಸ್ಸಂಜೆಗೆ ಹೆಸರು ಹಿಡಿದು ಕರೆಯುತ್ತಾಳೆ. ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ: ಕರೆದರೆ ಓಗೊಡಬಾರದು. ಓಗೊಟ್ಟವನು ಅವಳ ಹಿಂದೆ ಹೋದ ಹಾಗೆಯೇ.

ಮೇಷ್ಟ್ರು ನಕ್ಕರು. ತೋಳಿನ ರೋಮ ಮಾತ್ರ ನಗಲಿಲ್ಲ, ಎದ್ದು ನಿಂತಿತ್ತು.

ವಿಚಾರಿಸೋಣವೆಂದರೆ ಯಾರನ್ನು? ವಾರಕ್ಕೊಮ್ಮೆ, ಗುರುವಾರ ಬಂದು ಪಾಠ ಹೇಳಿ ಹೋಗುವ ಸಂಗೀತದ ಮೇಷ್ಟ್ರಿಗೆ ಶಿಕ್ಷಕರ ಕೊಠಡಿಯಲ್ಲಿ ಕುರ್ಚಿಯೂ ಇಲ್ಲ, ಪರಿಚಯವೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಬಾಯಿ ಸುಟ್ಟುಕೊಂಡಿದ್ದರು. ಹೆಂಡತಿ ಮೊಯ್ರಾ ತೀರಿಕೊಂಡ ಮೇಲೆ, ಹಿಂದಿನ ಶಾಲೆಯಲ್ಲಿ, ಅವಳು ಗಾಯನ ತಂಡದ ಕೊನೇ ಸಾಲಿನಲ್ಲಿ ಕೂತಿದ್ದಾಳೆ ಎಂದುಬಿಟ್ಟಿದ್ದರು. ಆ ಶಾಲೆಯವರು ಬಹಳ ಸಭ್ಯರು. ಟೀ ಕೊಟ್ಟು, ಬಿಸ್ಕತ್ತು ಕೊಟ್ಟು, ಇನ್ನು ಬರಬೇಡಿ ಎಂದರು. ಈ ಗುರುವಾರವೂ ತಪ್ಪಿದರೆ ಉಳಿಯುವುದು ಖಾಲಿ ಮನೆಯೊಂದೇ. ಕಂಡದ್ದನ್ನು ನುಂಗಿಕೊಳ್ಳುವುದೇ ಲೇಸು ಎನಿಸಿತು.

ಮುಂದಿನ ಗುರುವಾರ ಅವರು ಬರುವಷ್ಟರಲ್ಲಿ ಬಾರ್ನಬಿ ಫೋನು ಹಿಡಿದು ಕೂತಿದ್ದ. ಪರದೆಯಲ್ಲಿ ತೋಳು ಉಬ್ಬಿಸಿಕೊಂಡವನೊಬ್ಬ ಕಾರಿನಲ್ಲಿ ಕೂತು ಗರ್ಜಿಸುತ್ತಿದ್ದ: "ಗಂಡಸಿನ ಗಮನ ಅಂದ್ರೆ ಕಿರೀಟ ಕಣ್ರೋ! ಕಂಡ ಹೆಂಗಸಿನ ಕಾಲ ಬುಡಕ್ಕೆ ಎಸೀಬೇಡಿ!"

"ಯಾರಪ್ಪಾ ಈ ಮಹಾನುಭಾವ?"

"ದೊರೆ ಅಂತ ಸರ್. ನಮ್ ಸ್ಕೂಲಲ್ಲಿ ಅವನ್ನ ನೋಡ್ದೆ ಇರೋರೇ ಇಲ್ಲ. ಈ ತಿಂಗ್ಳು ಪೂರ್ತಿ ವ್ರತ ಹಿಡ್ಸಿದಾನೆ."

"ಏನು ವ್ರತ? ಚಾಕಲೇಟು ಬಿಟ್ರಾ?"

"ಹಂಗೇ ಅಂದ್ಕೊಳ್ಳಿ ಸರ್."

"ಈ ಮಾತೆಲ್ಲ ನಿಮ್ಮಮ್ಮ ಕೇಳಿದಾರೇನೋ?"

"ಅವ್ಳಿಗೇನ್ ಗೊತ್ತಾಗುತ್ತೆ, ಬಿಡಿ ಸರ್."

ಮೀಸೆ ಚಿಗುರುವ ವಯಸ್ಸು, ತಾನಾಗಿ ಇಳಿಯುತ್ತದೆ ಎಂದುಕೊಂಡು ಮೇಷ್ಟ್ರು ಬಿಟ್ಟುಬಿಟ್ಟರು.

ಅಂದು ಗಂಟೆ ಹೊಡೆದಾಗ ಅವಳು ಪಡಸಾಲೆಯಲ್ಲಿದ್ದಳು. ಹುಡುಗರು ಎರಡೂ ಕಡೆಯಿಂದ ನುಗ್ಗಿದರು, ಒಬ್ಬನೂ ದಾರಿ ಬಿಡಲಿಲ್ಲ. ಯಾರದೋ ಹೆಗಲು ತಾಗಿ ಅವಳ ಕೈಯಲ್ಲಿದ್ದ ಪುಸ್ತಕಗಳು ಚೆಲ್ಲಿದವು. ಒಬ್ಬನೂ ತಿರುಗಿ ನೋಡಲಿಲ್ಲ. ಮಂಡಿಯೂರಿ ಒಬ್ಬಳೇ ಆರಿಸಿಕೊಂಡಳು. ದೆವ್ವದ ಪುಸ್ತಕ ಬಿದ್ದರೆ ಸದ್ದಾಗುತ್ತದೆಯೇ? ಆಗಿತ್ತು. ಆದರೆ ಮೊಯ್ರಾ ಸತ್ತಮೇಲೂ ಅಡುಗೆಮನೆಯಲ್ಲಿ ಅವಳ ಚಮಚದ ಸದ್ದು ಕೇಳಿಸುತ್ತಿತ್ತಲ್ಲ. ತಮ್ಮ ಕಿವಿಯ ಸಾಕ್ಷಿಯನ್ನು ಮೇಷ್ಟ್ರು ಎಂದೋ ನಂಬುವುದು ಬಿಟ್ಟಿದ್ದರು.

ಮೂರನೆಯ ಗುರುವಾರ ಮಳೆ. ನಾಲ್ಕಕ್ಕೇ ಕತ್ತಲು. ಬಾಗಿಲು ತಾನಾಗಿ ತೆರೆದುಕೊಂಡಿತು ಎನಿಸಿತು. ಅವಳು ಹೊಸಿಲಲ್ಲಿ ನಿಂತಿದ್ದಳು, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಾರ್ನಬಿ," ಎಂದಳು.

ಹುಡುಗ ತಲೆಯೆತ್ತದೆ ಅದೇ ಸ್ವರವನ್ನು ಎಳೆಯುತ್ತಲೇ ಇದ್ದ.

ಅವಳು ಮೇಷ್ಟ್ರ ಕಡೆ ತಿರುಗಿದಳು. ಕಣ್ಣು ಕೆಂಪಗಿತ್ತು. "ನಾನು ನಿಮಗಾದ್ರೂ ಕಾಣ್ತಿದೀನಾ? ಒಂದ್ಸಲ ಹೂಂ ಅನ್ನಿ. ಅಷ್ಟೇ ಸಾಕು."

ಆ ದನಿಯಲ್ಲಿದ್ದ ದುಃಖಕ್ಕೆ ಮೇಷ್ಟ್ರ ಎದೆ ಹಿಂಡಿತು. 'ಹೂಂ' ನಾಲಗೆಯ ತುದಿಗೆ ಬಂದಿತ್ತು. ಓಗೊಟ್ಟರೆ ಮತ್ತೆ ಆ ಟೀ, ಆ ಬಿಸ್ಕತ್ತು. ಓಗೊಟ್ಟರೆ ಮತ್ತೆ ಮೊಯ್ರಾ, ಆ ಕೊನೇ ಸಾಲಿನಲ್ಲಿ. ಅವರು ಸ್ವರದ ಪುಟ ತಿರುವಿದರು.

"ಮೂರನೇ ಸಾಲಿಂದ ಇನ್ನೊಂದ್ಸಲ ನುಡ್ಸು," ಎಂದರು, ಹುಡುಗನಿಗೆ.

ಅವಳು ಬಹಳ ಹೊತ್ತು ನಿಂತಿದ್ದಳು. ಹೋದಮೇಲೆ ಹೊಸಿಲಲ್ಲಿ ಒದ್ದೆ ಹೆಜ್ಜೆಗಳಿದ್ದವು. ಅವು ಒಣಗುವವರೆಗೂ ಮೇಷ್ಟ್ರು ಅತ್ತ ನೋಡಲಿಲ್ಲ.

ನಾಲ್ಕನೆಯ ಗುರುವಾರ ಎದುರು ಕೋಣೆಯಲ್ಲಿ ದಪ್ಪನೆಯ ಬೋಳುತಲೆಯವನೊಬ್ಬ ಹಾಜರಿ ಕೂಗುತ್ತಿದ್ದ. "ಬಂದಿದೀನಿ ಸರ್! ಬಂದಿದೀನಿ ಸರ್!" ಎಂದು ಅಂಗಳವೆಲ್ಲ ಮೊಳಗಿತು. ಎಷ್ಟೋ ದಿನಗಳ ಮೇಲೆ ಮೇಷ್ಟ್ರಿಗೆ ಉಸಿರು ಹಗುರಾಯಿತು.

"ನಿಮ್ಮ ಬೂದು ದಾದಿ ಕೊನೆಗೂ ಹೋದ್ಲು ಅಂತ ಕಾಣುತ್ತೆ," ಎಂದು ನಕ್ಕರು.

ಬಾರ್ನಬಿ ಕಮಾನಿಗೆ ರಾಳ ಉಜ್ಜುತ್ತಿದ್ದವನು ತಲೆಯೆತ್ತಿ, ಗುರುವಿಗೆ ಎಂದೂ ತೋರದ ಗೌರವದಿಂದ ಅವರನ್ನು ನೋಡಿದ.

"ಹೋದ್ಳು ಸರ್, ಫ್ರೆಂಚ್ ಮಿಸ್ಸು ಕೆಲಸಾನೇ ಬಿಟ್ಟು ಹೋದ್ಳು, ನಾವಾದ್ರೂ ವ್ರತ ಅಂತ ಬರೀ ಹಾಜರಿಗೆ ಬಾಯಿ ಬಿಡ್ಲಿಲ್ಲ, ನೀವು ಅವ್ಳು ಎದುರಿಗೇ ಬಂದು ಅತ್ಕೊಂಡು ಕೇಳಿದ್ರೂ ಪುಟ ತಿರುವಿದ್ರಲ್ಲ ಸರ್, ನೀವೂ ದೊರೆ ಕಡೆಯೋರೇ ಅಂತ ನಂಗೆ ಗೊತ್ತೇ ಇರ್ಲಿಲ್ಲ!"