ಅಧ್ಯಕ್ಷರ ಸೌಟು

"ಇನ್ಮೇಲೆ ತಟ್ಟೆಗೆ ಇದರಲ್ಲಿ ಒಂದೇ ಸೌಟು!" ಶಾಲೆಯ ಊಟದ ಖರ್ಚು ಇಳಿಸುವ ದಾರಿ ಹುಡುಕಲು ಸಮಿತಿಯವರನ್ನು ಕಟ್ಟಿಕೊಂಡು ಬಂದಿದ್ದ ಅಧ್ಯಕ್ಷ, ಅಡುಗೆಯವಳ ಕೈಯಿಂದ ದೊಡ್ಡ ಸೌಟನ್ನು ಕಿತ್ತುಕೊಂಡು, ತಾನು ತಂದಿದ್ದ ಚಿಕ್ಕದನ್ನು ತುರುಕಿದ.

ಅಡುಗೆಯವಳು ಅವನ ಸ್ವಂತ ಅತ್ತಿಗೆ. ಸೌಟನ್ನು ತಿರುಗಿಸಿ ನೋಡಿದಳು. "ಇದೇನು ಔಷಧಿ ಕುಡಿಸೋಕಾ? ಮಕ್ಕಳ ಹೊಟ್ಟೆ ಮೇಲೆ ಹೊಡೀಬೇಡ ಕಣೋ."

"ಬಾಯಿ ಮುಚ್ಕೊಂಡು ಬಡಿಸಿ, ಅತ್ತಿಗೆ. ನಮ್ಮನೇಲಿ ತಿಂಗಳಿಂದ ಇದೇ ಸೌಟು. ಒಬ್ಬರೂ ತುಟಿಪಿಟಿಕ್ ಅಂದಿಲ್ಲ." ಸಮಿತಿಯವರು ತಲೆದೂಗಿದರು. ಅವನು ಅವರ ಕಡೆ ತಿರುಗಿ, ಎಷ್ಟು ಉಳಿಯುತ್ತದೆಂದು ವಿವರಿಸತೊಡಗಿದ.

ಅತ್ತಿಗೆ ಹಲ್ಲು ಕಚ್ಚಿ, ಸಾಲಿನಲ್ಲಿ ಮುಂದೆ ಬಂದ ಹುಡುಗಿಗೆ ಒಂದು ಸೌಟು ಬಡಿಸಿದಳು. ದಿನವೂ ಎರಡು ಸಲ ಹಾಕಿಸಿಕೊಂಡು ರೂಢಿಯಾಗಿದ್ದ ತಟ್ಟೆ ಅಲ್ಲಿಂದ ಕದಲಲಿಲ್ಲ. ಅಧ್ಯಕ್ಷನ ಕಣ್ಣಿಗೆ ಬಿದ್ದದ್ದು ಆ ತಟ್ಟೆ ಮಾತ್ರ. ಮುಖವನ್ನೂ ನೋಡದೆ ಅದನ್ನು ಪಕ್ಕಕ್ಕೆ ತಳ್ಳಿ ಗದರಿದ: "ಒಂದೇ ಅಂದ್ನಲ್ಲ, ನಡಿ ಆಚೆ! ಮನೇಲಿ ಊಟ ಹಾಕಲ್ವಾ ನಿಂಗೆ?"

ಹುಡುಗಿ ತಟ್ಟೆಯನ್ನು ಮತ್ತೆ ಮುಂದಕ್ಕೆ ಚಾಚಿದಳು.

"ಹಾಕ್ತೀರಲ್ಲ ಅಪ್ಪ, ಇದೇ ಸೌಟಲ್ಲಿ."